ಕೆಟ್ಟರೆ ಯಾವ ಕಡೆಗೆ ಕೆಡಬೇಕು

ಮೀನು ನೀರಲ್ಲೇ ಇರೋ ಪ್ರಾಣಿ, ಅದಕ್ಕೆ ಬಿಸಿನೀರು ಬೇರೆ ಯಾಕೆ ಎಂದು ಊರಿನ ನೆಂಟರು ಕೇಳುತ್ತಾರೆ. ಹಾಸನದಲ್ಲಿ ಕೂತು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಚೆನ್ನೈ, ಮುಂಬೈಗಳಲ್ಲಿ ಇದನ್ನು ಓದುತ್ತಿರುವವರಿಗೂ ಅಕ್ವೇರಿಯಂ ಹೀಟರ್ ಎಂದರೆ ಅಂಗಡಿಯವನು ಸುಮ್ಮನೆ ತಗುಲಿಹಾಕುವ ಸಾಮಾನು ಅನ್ನಿಸಬಹುದು. ದೆಹಲಿಯ ಜನವರಿ ಬೇರೆ. ಹೊರಗೆ ರಾತ್ರಿ ಐದಾರು ಡಿಗ್ರಿಗೆ ಇಳಿಯುತ್ತದೆ. ಇಲ್ಲಿನ ಫ್ಲ್ಯಾಟುಗಳನ್ನು ಕಟ್ಟಿರುವುದು ಜೂನ್ ತಿಂಗಳನ್ನು ನೆನೆಸಿಕೊಂಡು. ಚಳಿಗೆ ಏರ್ಪಾಡು ಏನೂ ಇಲ್ಲ. ದ್ವಾರಕಾದ ನಮ್ಮ ಮನೆಯ ಹಾಲ್‌ನಲ್ಲಿ ಬೆಳಗಿನ ಜಾವ 14 ಡಿಗ್ರಿ ಇರುತ್ತದೆ. ಹೀಟರ್ ಇಲ್ಲದಿದ್ದರೆ ಟ್ಯಾಂಕಿನ ನೀರೂ ಅಷ್ಟಕ್ಕೇ ಬಂದು ನಿಲ್ಲುತ್ತದೆ.

ಗೋಲ್ಡ್‌ಫಿಶ್ ಆದರೆ ಆ ನೀರಲ್ಲೂ ಬದುಕುತ್ತದೆ. ಆದರೆ ಏಂಜೆಲ್ ಮೀನು, ನಿಯಾನ್ ಟೆಟ್ರಾಗಳ ಮೂಲ ಅಮೆಜಾನ್ ನದಿಯ ಸೀಮೆ. ಅವಕ್ಕೆ 25ರ ಆಸುಪಾಸಿನ ನೀರು ಬೇಕು. ಮೀನಿಗೆ ನಮ್ಮಂತೆ ಒಳಗಿನಿಂದ ಮೈ ಕಾಯಿಸಿಕೊಳ್ಳುವ ಶಕ್ತಿ ಇಲ್ಲ. ನೀರು ಎಷ್ಟು ತಣ್ಣಗೋ ಅದರ ಮೈಯೂ ಅಷ್ಟೇ ತಣ್ಣಗೆ. ನೀರು 18ಕ್ಕೆ ಇಳಿದರೆ ಮೇವು ಬಿಡುತ್ತವೆ, ತಳ ಹಿಡಿಯುತ್ತವೆ, ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಉತ್ತರ ಭಾರತದಲ್ಲಿ ಇಂಥ ಮೀನು ಸಾಕುವವರ ಮನೆಯಲ್ಲಿ ದೀಪಾವಳಿ ಕಳೆದ ಮೇಲೆ ಒಂದು ಗಾಜಿನ ಕೊಳವೆ ನೀರಿಗೆ ಇಳಿಯುತ್ತದೆ. ಹೋಳಿಯ ಹೊತ್ತಿಗೆ ಮೇಲೆ ಬರುತ್ತದೆ.

ನಮ್ಮ ಮನೆಯ ಟ್ಯಾಂಕ್ ನನ್ನದಲ್ಲ, ಅಪ್ಪನದು. ಅಮ್ಮ ಹೋದ ಮೇಲೆ ಅಪ್ಪ ಹಾಸನದ ಮನೆಗೆ ಬೀಗ ಹಾಕಿ ನನ್ನ ಜೊತೆ ಇರಲು ಬಂದರು. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸುಗಳ ಎಲೆಕ್ಟ್ರಿಷಿಯನ್ ಆಗಿದ್ದವರು. ಇಲ್ಲಿ ಅವರಿಗೆ ಹಿಂದಿ ಬರುವುದಿಲ್ಲ, ಪಾರ್ಕಿನ ಬೆಂಚಿನಲ್ಲಿ ಕೂತವರ ಮಾತಿಗೆ ಸೇರಲು ಆಗುವುದಿಲ್ಲ. ನಾನು ಇಡೀ ದಿನ ಲ್ಯಾಪ್‌ಟಾಪಿನ ಮುಂದೆ. ಅನುವಾದದ ಕೆಲಸ, ಪುಟಕ್ಕೆ ಇಷ್ಟು ಎಂದು ದುಡ್ಡು. ಬಂದ ಮೊದಲ ಚಳಿಗಾಲದಲ್ಲೇ ಅಪ್ಪ ಒಂದು ಟ್ಯಾಂಕ್ ತರಿಸಿದರು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಲ್ಲು, ಮರಳು ಕಳೆದು 50 ಲೀಟರ್ ನೀರು. ಆ ಮನೆಯಲ್ಲಿ ಅವರ ಆಡಳಿತಕ್ಕೆ ಸೇರಿದ ಜಾಗ ಅದೊಂದೇ ಆಗಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತಿದ್ದರು. ಮೀನುಗಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ನನ್ನ ಜೊತೆ ಆಡಿದ್ದಕ್ಕಿಂತ ಜಾಸ್ತಿಯೇ ಆಡುತ್ತಿದ್ದರು.

ಹೋದ ವರ್ಷದ ಜನವರಿಯಲ್ಲಿ ಒಂದು ದಿನ ರಾತ್ರಿ 10 ಗಂಟೆಗೆ ಅಪ್ಪ ಟ್ಯಾಂಕಿನ ಥರ್ಮಾಮೀಟರ್ ನೋಡಿ ಮಲಗಿದ್ದರು. 25 ಇತ್ತು. ಬೆಳಿಗ್ಗೆ 6ಕ್ಕೆ ಎದ್ದು ಲೈಟ್ ಹಾಕಿದರೆ 35. ಆರು ನಿಯಾನ್ ಟೆಟ್ರಾಗಳೂ ನಾಲ್ಕು ಏಂಜೆಲ್‌ಗಳೂ ಸತ್ತಿದ್ದವು. ಎರಡು ಗೌರಾಮಿ ಮಾತ್ರ ನೀರಿನ ಮೇಲ್ಮೈಗೆ ಬಾಯಿ ಕೊಟ್ಟುಕೊಂಡು ಉಸಿರಾಡುತ್ತಿದ್ದವು. ಹೀಟರಿನ ಒಳಗಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಬಿಸಿ ನೀರು ಮೀನನ್ನು ಕೊಲ್ಲುವ ಬಗೆ ಸ್ವಲ್ಪ ಕ್ರೂರ. ನೀರು ಕಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 35ರಲ್ಲಿ ಸುಮಾರು 7. ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಎಲ್ಲ ಕ್ರಿಯೆಗಳೂ ಚುರುಕಾಗುತ್ತವೆ. ಹತ್ತು ಡಿಗ್ರಿ ಏರಿದರೆ ಆಮ್ಲಜನಕದ ಬೇಡಿಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಒಂದು ಕಡೆ ಬೇಕಾದದ್ದು ಏರುತ್ತದೆ, ಇನ್ನೊಂದು ಕಡೆ ಇರುವುದು ಇಳಿಯುತ್ತದೆ. ಗೌರಾಮಿ ಉಳಿದದ್ದಕ್ಕೆ ಕಾರಣ ಇದೆ. ಅದರ ತಲೆಯಲ್ಲಿ ಗಾಳಿಯನ್ನೇ ನೇರವಾಗಿ ಎಳೆದುಕೊಳ್ಳುವ ಒಂದು ಅಂಗ ಇದೆ. ಗಂಗಾ, ಬ್ರಹ್ಮಪುತ್ರಾ ಬಯಲಿನ ಬಿಸಿ, ನಿಂತ ನೀರಿನಲ್ಲಿ ಬದುಕಿ ಬಂದ ಮೀನು ಅದು.

ಅಪ್ಪ ಏನೂ ಮಾತಾಡಲಿಲ್ಲ. ಪ್ಲಗ್ ಕಿತ್ತರು, ಹೀಟರ್ ತೆಗೆದು ಆರಲು ಇಟ್ಟರು. ಮಧ್ಯಾಹ್ನ ನಾನು ಅಡುಗೆಮನೆಗೆ ಹೋದಾಗ ಅದನ್ನು ಹಳೆ ಟವೆಲ್ಲಿನಲ್ಲಿ ಸುತ್ತಿ ಗಾಜು ಒಡೆದು, ಒಳಗಿನದನ್ನು ಪೇಪರಿನ ಮೇಲೆ ಹರಡಿಕೊಂಡು ಕೂತಿದ್ದರು.

"ನೋಡಮ್ಮ ಇಲ್ಲಿ," ಅಂದರು. "ಪಾಯಿಂಟ್ ಕಚ್ಕೊಂಡ್ಬಿಟ್ಟಿದೆ."

ಹೀಟರಿನ ಒಳಗೆ ಇರುವುದು ಬಹಳ ಸರಳವಾದ ವಸ್ತು. ಪಿಂಗಾಣಿ ಕಡ್ಡಿಗೆ ಸುತ್ತಿದ ತಂತಿ ಕಾಯುತ್ತದೆ. ಅದರ ಮೇಲೆ ಒಂದು ಸಣ್ಣ ಲೋಹದ ಪಟ್ಟಿ. ಹಾಗೆ ನೋಡಿದರೆ ಅದು ಒಂದು ಪಟ್ಟಿಯಲ್ಲ, ಬೆನ್ನಿಗೆ ಬೆನ್ನು ಬೆಸೆದ ಎರಡು ಬೇರೆ ಲೋಹಗಳು. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡಿರುವುದರಿಂದ ಪಟ್ಟಿ ಬಾಗಲೇಬೇಕು. ಬಾಗಿದಾಗ ತುದಿಯಲ್ಲಿರುವ ಪಾಯಿಂಟ್ ಬಿಟ್ಟುಕೊಳ್ಳುತ್ತದೆ, ಕರೆಂಟ್ ನಿಲ್ಲುತ್ತದೆ. ನೀರು ತಣಿದಾಗ ಪಟ್ಟಿ ನೆಟ್ಟಗಾಗುತ್ತದೆ, ಪಾಯಿಂಟ್ ಕೂಡಿಕೊಳ್ಳುತ್ತದೆ. ಈ ಜೋಡಿಪಟ್ಟಿಯನ್ನು ಕಂಡುಹಿಡಿದವನು 18ನೇ ಶತಮಾನದ ಇಂಗ್ಲೆಂಡಿನ ಜಾನ್ ಹ್ಯಾರಿಸನ್. ಹಡಗಿನ ಗಡಿಯಾರ ಚಳಿಗೆ, ಸೆಕೆಗೆ ತಪ್ಪು ಹೊತ್ತು ತೋರಿಸಬಾರದೆಂದು ತನ್ನ ಮೂರನೆಯ ಸಮುದ್ರ ಗಡಿಯಾರದಲ್ಲಿ ಅದನ್ನು ಬಳಸಿದ. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಅದೇ ಪಟ್ಟಿಯಿಂದ ಬಿಸಿಯನ್ನು ಹತೋಟಿಯಲ್ಲಿಡುವ ಉಪಕರಣಕ್ಕೆ ಪೇಟೆಂಟ್ ಪಡೆದ. ಥರ್ಮೋಸ್ಟಾಟ್ ಎಂದು ಹೆಸರಿಟ್ಟವನೂ ಅವನೇ. ಗ್ರೀಕಿನಲ್ಲಿ ಥರ್ಮೋಸ್ ಎಂದರೆ ಬಿಸಿ, ಸ್ಟಾಟೋಸ್ ಎಂದರೆ ನಿಂತದ್ದು.

ಆದರೆ ಬಿಸಿ ನಿಂತಿರುವುದಿಲ್ಲ. ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಪಾಯಿಂಟ್ ಒಂದು ಚಳಿಗಾಲದಲ್ಲಿ ಸಾವಿರಾರು ಸಲ ಕೂಡಿ ಬಿಡುತ್ತದೆ. ಪ್ರತಿ ಸಲ ಬಿಡುವಾಗಲೂ ಅಲ್ಲೊಂದು ಸಣ್ಣ ಕಿಡಿ ಹಾರುತ್ತದೆ. ಕಿಡಿಯಿಂದ ಲೋಹ ಸ್ವಲ್ಪ ಸ್ವಲ್ಪವೇ ಕರಗಿ, ಗುಳಿ ಬಿದ್ದು, ಒರಟಾಗುತ್ತಾ ಹೋಗುತ್ತದೆ. ಒಂದು ದಿನ ಕರಗಿದ ಎರಡು ತುದಿಗಳು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಪಟ್ಟಿ ಎಷ್ಟು ಬಾಗಲು ನೋಡಿದರೂ ಪಾಯಿಂಟ್ ಬಿಡುವುದಿಲ್ಲ. ಅಪ್ಪನಿಗೆ ಇದು ಹೊಸದೇನಲ್ಲ. ಬಸ್ಸಿನ ಸ್ಟಾರ್ಟರಿನ ಪಾಯಿಂಟ್ ಹೀಗೆ ಕಚ್ಚಿಕೊಂಡು, ಎಂಜಿನ್ ಶುರುವಾದ ಮೇಲೂ ಮೋಟರ್ ತಿರುಗುತ್ತಲೇ ಇದ್ದದ್ದನ್ನು ಅವರು ಬೇಕಾದಷ್ಟು ಸಲ ಬಿಡಿಸಿದ್ದಾರೆ. ಅಂದರೆ ಈ ಹೀಟರ್ ಕೆಟ್ಟದ್ದು ಅಪರೂಪದ ದುರಾದೃಷ್ಟವೇನಲ್ಲ. ದಿನವೂ ಸರಿಯಾಗಿ ಕೆಲಸ ಮಾಡುತ್ತಲೇ ಅದು ಆ ರಾತ್ರಿಯ ಕಡೆಗೆ ಸವೆಯುತ್ತಿತ್ತು.

"ಟ್ಯಾಂಕ್ ಯಾರಿಗಾದ್ರೂ ಕೊಟ್ಬಿಡು," ಅಂದರು ಅಪ್ಪ ಆ ಸಂಜೆ.

ಎರಡು ಗೌರಾಮಿಗಳು ಇದ್ದವಲ್ಲ, ಅವಕ್ಕಾದರೂ ಹೀಟರ್ ಬೇಕಿತ್ತು. ಇನ್ನೊಂದು ಹೊಸದು ತಂದು ಹಾಕಿದೆವು. ಆದರೆ ಅಂದಿನಿಂದ ಅಪ್ಪ ರಾತ್ರಿ ಮಲಗುವುದನ್ನು ಬಿಟ್ಟರು. 12ಕ್ಕೊಮ್ಮೆ, 2ಕ್ಕೊಮ್ಮೆ, 4ಕ್ಕೊಮ್ಮೆ ಎದ್ದು ಹಾಲ್‌ಗೆ ಬರುತ್ತಿದ್ದರು. ಲೈಟ್ ಹಾಕುತ್ತಿರಲಿಲ್ಲ. ಕತ್ತಲಲ್ಲೇ ನೀರಿಗೆ ಬೆರಳು ಅದ್ದಿ ನೋಡುತ್ತಿದ್ದರು. ಎಪ್ಪತ್ತು ದಾಟಿದವರು, ಬಿ.ಪಿ. ಮಾತ್ರೆ ನುಂಗುವವರು, ಜನವರಿಯ ಚಳಿಯ ನೆಲದ ಮೇಲೆ ಬರಿಗಾಲಲ್ಲಿ. "ಮಲಕ್ಕೊಳ್ಳಿ ಅಪ್ಪ, ನಾನು ನೋಡ್ತೀನಿ" ಅಂದರೆ "ನೀನು ಮಲಗಮ್ಮ, ನಿಂಗೆ ಬೆಳಿಗ್ಗೆ ಕೆಲ್ಸ ಇದೆ" ಅನ್ನುತ್ತಿದ್ದರು. ಒಂದು ವಾರ ಹೀಗೇ ನಡೆಯಿತು. ನನಗೆ ಮೀನಿನ ಚಿಂತೆ ಅಷ್ಟಿರಲಿಲ್ಲ. ಅಪ್ಪ ಕತ್ತಲಲ್ಲಿ ಎಡವಿ ಬೀಳುತ್ತಾರೆಂಬ ಚಿಂತೆ ಇತ್ತು.

ಆಗ ಈ ವಿಷಯ ಓದಲು ಕೂತೆ. ಹೀಟರನ್ನು ನಂಬದೆ, ಅದರ ಮೇಲೊಂದು ಕಣ್ಣಿಡುವ ಟೆಂಪರೇಚರ್ ಕಂಟ್ರೋಲರ್ ಎಂಬ ಪೆಟ್ಟಿಗೆ ಸಿಗುತ್ತದೆ ಎಂದು ತಿಳಿಯಿತು. ಅದರಿಂದ ಒಂದು ತಂತಿ ಹೊರಟು ನೀರಿನಲ್ಲಿ ಮುಳುಗಿರುತ್ತದೆ. ಅದರ ತುದಿಯ ಪ್ರೋಬ್ ನೀರಿನ ಬಿಸಿಯನ್ನು ಅಳೆಯುತ್ತದೆ. ಹೀಟರಿನ ಪ್ಲಗ್ಗನ್ನು ಗೋಡೆಗೆ ಚುಚ್ಚುವ ಬದಲು ಈ ಪೆಟ್ಟಿಗೆಗೆ ಚುಚ್ಚಬೇಕು. ನಾವು ಹೇಳಿದ ಡಿಗ್ರಿ ಮುಟ್ಟಿದ ಕೂಡಲೇ ಪೆಟ್ಟಿಗೆ ಹೀಟರಿಗೆ ಹೋಗುವ ಕರೆಂಟನ್ನೇ ಕಡಿದುಹಾಕುತ್ತದೆ. ಒಳಗಿನ ಪಾಯಿಂಟ್ ಕಚ್ಚಿಕೊಂಡಿದ್ದರೂ ಪರವಾಗಿಲ್ಲ, ಕರೆಂಟೇ ಬರದಿದ್ದರೆ ಕಾಯುವುದು ಹೇಗೆ?

ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಆ ಪೆಟ್ಟಿಗೇಲಿ ಕರೆಂಟ್ ಕಡಿಯೋದು ಯಾವ್ದು?"

"ರಿಲೇ."

"ರಿಲೇಲಿ ಇರೋದೂ ಪಾಯಿಂಟೇ ಅಲ್ವೇನಮ್ಮ?"

ಸರಿಯಾದ ಪ್ರಶ್ನೆ. ಕಂಟ್ರೋಲರ್ ಕೊಂಡವರಲ್ಲಿ ಎಷ್ಟೋ ಜನ ಈ ಪ್ರಶ್ನೆ ಕೇಳದೆ, ಹೀಟರಿನ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿ, ಎಲ್ಲವನ್ನೂ ಪೆಟ್ಟಿಗೆಗೆ ಬಿಟ್ಟು ನಿಶ್ಚಿಂತೆಯಾಗುತ್ತಾರೆ. ಆಗ ಆಗುವುದೇನೆಂದರೆ ಒಂದು ಪಾಯಿಂಟಿನ ಮೇಲಿದ್ದ ನಂಬಿಕೆ ಇನ್ನೊಂದು ಪಾಯಿಂಟಿನ ಮೇಲೆ ಹೋಗಿ ಕೂರುತ್ತದೆ, ಅಷ್ಟೇ. ಉತ್ತರ ಇರುವುದು ಎರಡನ್ನೂ ಇಟ್ಟುಕೊಳ್ಳುವುದರಲ್ಲಿ. ಕಂಟ್ರೋಲರನ್ನು 25.5ಕ್ಕೆ ಇಡಬೇಕು. ಹೀಟರಿನ ಸ್ವಂತ ಥರ್ಮೋಸ್ಟಾಟನ್ನು ಎರಡು ಮೂರು ಡಿಗ್ರಿ ಮೇಲೆ, 28ಕ್ಕೆ ಇಡಬೇಕು. ಕರೆಂಟ್ ಎರಡನ್ನೂ ದಾಟಿ ಬರಬೇಕು. ಇಬ್ಬರೂ ಹೂಂ ಅಂದರೆ ಮಾತ್ರ ತಂತಿ ಕಾಯುತ್ತದೆ. ಯಾರೊಬ್ಬರು ಊಹೂಂ ಅಂದರೂ ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ಲಾಭ ಇದೆ, ಅದನ್ನು ಹಿಡಿದದ್ದೂ ಅಪ್ಪನೇ. ನೀರು ಎಂದೂ 28 ಮುಟ್ಟದಿರುವುದರಿಂದ ಹೀಟರಿನ ಒಳಗಿನ ಪಾಯಿಂಟ್ ಬಿಟ್ಟು ಕೂಡುವ ಕೆಲಸವನ್ನೇ ಮಾಡುವುದಿಲ್ಲ. ಕಿಡಿ ಇಲ್ಲ, ಸವೆತ ಇಲ್ಲ. ದಿನದ ಕೂಲಿ ಮಾಡಿ ಸವೆಯುವುದು ಪೆಟ್ಟಿಗೆಯ ರಿಲೇ. ಆ ರಿಲೇ ಕಚ್ಚಿಕೊಂಡ ದಿನ ಹೀಟರಿನ ಪಾಯಿಂಟ್ ಹೊಸದರಂತೆ ಕಾಯುತ್ತಿರುತ್ತದೆ. ಎರಡೂ ಒಂದೇ ರಾತ್ರಿ ಕಚ್ಚಿಕೊಳ್ಳುವ ಸಾಧ್ಯತೆ ಇಲ್ಲವೆಂದಲ್ಲ, ಬಹಳ ಕಡಿಮೆ.

ಇಷ್ಟಾದ ಮೇಲೆ ಅಪ್ಪ ಇನ್ನೊಂದು ಲೆಕ್ಕಕ್ಕೆ ಇಳಿದರು. ಆ ಸತ್ತ ಹೀಟರ್ 150 ವ್ಯಾಟಿನದು. "ದೊಡ್ಡದೇ ತಗೊಳ್ಳಿ, ಬೇಗ ಕಾಯುತ್ತೆ" ಎಂದು ಅಂಗಡಿಯವನು ಕೊಟ್ಟಿದ್ದ. ಹೊಸದಾಗಿ ತಂದದ್ದೂ ಅಷ್ಟೇ ವ್ಯಾಟಿನದು. ಅಪ್ಪ ಒಂದು ಸಂಜೆ ಗಡಿಯಾರ ಹಿಡಿದು ಕೂತು ಅದರ ಕೆಂಪು ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂದು ಕ್ಯಾಲೆಂಡರಿನ ಹಿಂದೆ ಬರೆದರು. ಗಂಟೆಗೆ 20 ನಿಮಿಷ. ಅಂದರೆ ನಮ್ಮ ಟ್ಯಾಂಕನ್ನು 14 ಡಿಗ್ರಿಯ ಕೋಣೆಯಲ್ಲಿ 25ಕ್ಕೆ ಹಿಡಿದಿಡಲು ನಿಜವಾಗಿ ಬೇಕಾದದ್ದು ಸರಾಸರಿ 50 ವ್ಯಾಟ್. ಉಳಿದ 100 ವ್ಯಾಟ್ ಪಾಯಿಂಟ್ ಕಚ್ಚಿಕೊಂಡಾಗ ಮಾತ್ರ ಕೆಲಸಕ್ಕೆ ಬರುವಂಥದ್ದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,186 ಜೌಲ್ ಬೇಕು. 50 ಲೀಟರಿಗೆ 100 ವ್ಯಾಟ್ ಹೆಚ್ಚುವರಿ ಸಿಕ್ಕರೆ ಮೊದಲ ಡಿಗ್ರಿ ಏರಲು 35 ನಿಮಿಷ ಸಾಕು. ನೀರು ಕಾದಂತೆ ಹೊರಗೆ ಸೋರುವ ಶಾಖವೂ ಹೆಚ್ಚುವುದರಿಂದ ಏರುವ ವೇಗ ತಗ್ಗುತ್ತಾ ಹೋಗುತ್ತದೆ. ಆದರೂ ಎಂಟು ಗಂಟೆಯಲ್ಲಿ ಹತ್ತು ಡಿಗ್ರಿ. ಅಪ್ಪ ಮಲಗಿ ಎದ್ದಷ್ಟು ಹೊತ್ತು.

ಹಾಗಾದರೆ 150ರ ಒಂದರ ಬದಲು 50ರ ಎರಡು ಹೀಟರ್ ಹಾಕಿದರೆ? ಎಂಥ ಚಳಿಯ ರಾತ್ರಿಗೂ ಎರಡೂ ಸೇರಿ ಸಾಕಾಗುತ್ತವೆ. ಒಂದು ಕಚ್ಚಿಕೊಂಡರೆ, ಜನವರಿಯ ಕೋಣೆಯಲ್ಲಿ ಅದೊಂದೇ ನೀರನ್ನು 25ಕ್ಕೆ ತಂದು ನಿಲ್ಲಿಸಬಲ್ಲದು. ಅದಕ್ಕಿಂತ ಮೇಲೆ ಒಯ್ಯಲು ಅದರಲ್ಲಿ ಕಸುವೇ ಇಲ್ಲ. ಒಂದು ಸತ್ತೇ ಹೋದರೆ ಇನ್ನೊಂದು ನೀರು ಪೂರ್ತಿ ತಣಿಯದಂತೆ ಹಿಡಿದಿರುತ್ತದೆ. ಕೋಣೆ ಬೆಚ್ಚಗಾಗುವ ಮಾರ್ಚಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅದಕ್ಕೇ ಹೋಳಿಯ ಹೊತ್ತಿಗೆ ಹೀಟರ್ ತೆಗೆದಿಡುವುದು. ಹೀಟರ್ ಕೊಳ್ಳುವವರಿಗೆ ನಾನು ಹೇಳುವ ಮೊದಲ ಮಾತು ಈಗ ಇದೇ: ದೊಡ್ಡದು ಒಂದು ಬೇಡ, ಸಣ್ಣವು ಎರಡು ತಗೊಳ್ಳಿ.

ಕಂಟ್ರೋಲರ್ ತರಲು ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆಗೆ ಹೋದೆವು. ಪ್ಲಗ್ ಚುಚ್ಚಿದರೆ ಸಾಕು ಎನ್ನುವಂಥ ಸಿದ್ಧ ಕಂಟ್ರೋಲರುಗಳು ಸಿಗುತ್ತವೆ. ಅಪ್ಪ ಅದನ್ನು ಒಪ್ಪಲಿಲ್ಲ. ಎಸ್‌ಟಿಸಿ-1000 ಎಂಬ, ನಾವೇ ವೈರಿಂಗ್ ಮಾಡಿ ಪೆಟ್ಟಿಗೆಗೆ ಕೂರಿಸಿಕೊಳ್ಳಬೇಕಾದದ್ದನ್ನು ಆರಿಸಿದರು. ನಾನು ಹಿಂದಿಗೆ ತರ್ಜುಮೆ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೂ ಅಂಗಡಿಯವನೂ ಮಾತು ಶುರು ಮಾಡಿಯಾಗಿತ್ತು. ರಿಲೇ, ಟೆನ್ ಆಂಪ್, ಪ್ರೋಬ್, ಫೇಸ್, ನ್ಯೂಟ್ರಲ್, ಫ್ಯೂಸ್. ಕ್ರಿಯಾಪದವೇ ಇಲ್ಲದ ಭಾಷೆ. ಅಪ್ಪ ಬೆರಳಿನಿಂದ ಕೌಂಟರಿನ ಮೇಲೆ ಸರ್ಕ್ಯೂಟ್ ಬರೆದರು, ಅವನು ಅದಕ್ಕೊಂದು ಗೆರೆ ಸೇರಿಸಿದ. ಭಾಷಾವಿಜ್ಞಾನ ಓದಿದವಳಾಗಿ ನನಗೆ ಅಲ್ಲಿ ಏನೂ ಕೆಲಸ ಇರಲಿಲ್ಲ. ದೆಹಲಿಗೆ ಬಂದ ಮೇಲೆ ಅಪ್ಪ ನನ್ನ ಸಹಾಯವಿಲ್ಲದೆ ಹೊರಗಿನ ಒಬ್ಬರ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಪೆಟ್ಟಿಗೆ ಕಟ್ಟಲು ಅಪ್ಪನಿಗೆ ಎರಡು ದಿನ ಹಿಡಿಯಿತು. ರಿಲೇ ಕಡಿಯಬೇಕಾದದ್ದು ಫೇಸ್ ತಂತಿಯನ್ನೇ, ನ್ಯೂಟ್ರಲ್ಲನ್ನಲ್ಲ; ಇಲ್ಲದಿದ್ದರೆ ಹೀಟರ್ ಆರಿದ್ದರೂ ನೀರಿನೊಳಗಿನ ತಂತಿಯಲ್ಲಿ ಕರೆಂಟ್ ಕಾದಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಚುಚ್ಚಿದರೆ ಫೇಸು ನ್ಯೂಟ್ರಲ್ಲು ಅದಲು ಬದಲಾಗುವುದರಿಂದ ಗೋಡೆಗೆ ಮೂರು ಪಿನ್ನಿನದೇ ಬೇಕು. ಒಂದು ಆಂಪಿನ ಫ್ಯೂಸ್ ಹಾಕಿದರು. 100 ವ್ಯಾಟಿಗೆ ಅರ್ಧ ಆಂಪ್ ಕೂಡ ಹರಿಯುವುದಿಲ್ಲ. ಎಲ್ಲ ವೈರುಗಳೂ ಸಾಕೆಟ್ಟಿಗಿಂತ ಕೆಳಗೆ ಜೋತು ಆಮೇಲೆ ಮೇಲೇರುವಂತೆ ಬಿಟ್ಟರು. ತಂತಿಯ ಗುಂಟ ಇಳಿದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ ಸೇರುವುದಿಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೋ ಎಂದು ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿದರು. ಗಾಜು ಸೀಳಿ ಕರೆಂಟ್ ನೀರಿಗೆ ಸೋರಿದಾಗ ನೀರಲ್ಲಿ ಕೈ ಇಟ್ಟವರನ್ನು ಉಳಿಸುವುದು ಅದೊಂದೇ. ಓದುಗರಲ್ಲಿ ವೈರಿಂಗ್ ಗೊತ್ತಿಲ್ಲದವರು ಅಪ್ಪನ ದಾರಿ ಹಿಡಿಯಬೇಡಿ, ಸಿದ್ಧವಾಗಿ ಸಿಗುವುದನ್ನೇ ಕೊಳ್ಳಿ. ಕೆಲಸ ಎರಡೂ ಒಂದೇ.

ಆಮೇಲೆ ಪರೀಕ್ಷೆ. ಲೋಟದಲ್ಲಿ ಪುಡಿ ಮಾಡಿದ ಐಸು, ಸ್ವಲ್ಪ ನೀರು ಹಾಕಿ ಕಲಸಿ ಪ್ರೋಬ್ ಅದ್ದಿದರೆ 0 ತೋರಿಸಬೇಕು. ನಮ್ಮದು 0.4 ತೋರಿಸಿತು; ಅಷ್ಟನ್ನು ಸೆಟ್ಟಿಂಗಿನಲ್ಲಿ ಸರಿಮಾಡಿದರು. ಹೀಟರುಗಳನ್ನು ಬಕೆಟ್ ನೀರಿನಲ್ಲಿ ನೋಡಿದರೆ 28 ಎಂದು ಬರೆದ ಗೆರೆಯಲ್ಲಿ ಒಂದು 27ಕ್ಕೇ ಆರಿತು, ಇನ್ನೊಂದು 29.5ರವರೆಗೆ ಹೋಯಿತು. ತಿರುಗಣೆಯ ಮೇಲಿನ ಅಂಕಿ ಬರೀ ಅಂದಾಜು ಎಂದು ಆಗ ತಿಳಿಯಿತು. ಎರಡನ್ನೂ ನಿಜವಾದ 28ಕ್ಕೆ ತಂದು, ಆ ಜಾಗಕ್ಕೆ ಪೇಂಟಿನ ಚುಕ್ಕಿ ಇಟ್ಟರು. ಬಳಸದೆ ಕೂತ ಕಾವಲುಗಾರ ಎಚ್ಚರವಾಗಿದ್ದಾನೋ ಇಲ್ಲವೋ ಎಂದು ಪ್ರತಿ ಚಳಿಗಾಲದ ಶುರುವಿನಲ್ಲಿ ಈ ಬಕೆಟ್ ಪರೀಕ್ಷೆ ಮಾಡಬೇಕು ಎಂಬುದು ಈಗ ನಮ್ಮ ಮನೆಯ ಪದ್ಧತಿ.

ಅಂತರದ ಸೆಟ್ಟಿಂಗ್ ಬಂದಾಗ ನನ್ನ ಕಸುಬಿನ ಮಾತು ಬಂತು. 25.5ಕ್ಕೆ ಆರಿದ ಹೀಟರ್ ಮತ್ತೆ ಯಾವಾಗ ಹೊತ್ತಿಕೊಳ್ಳಬೇಕು? 25.4ಕ್ಕೇ ಹೊತ್ತಿಕೊಂಡರೆ ರಿಲೇ ಇಡೀ ದಿನ ಟಿಕ್ ಟಿಕ್ ಎಂದು ಬಡಿದುಕೊಂಡು ಬೇಗ ಸವೆಯುತ್ತದೆ. ಅದಕ್ಕೆ ನಡುವೆ ಒಂದಷ್ಟು ಜಾಗ ಬಿಡುತ್ತಾರೆ. ನಾವು ಅರ್ಧ ಡಿಗ್ರಿ ಬಿಟ್ಟೆವು. ಇದಕ್ಕೆ ತಂತ್ರಜ್ಞಾನದ ಪುಸ್ತಕಗಳಲ್ಲಿ ಹಿಸ್ಟೆರಿಸಿಸ್ ಎನ್ನುತ್ತಾರೆ. ಹಿಂದೆ ಬೀಳುವುದು ಎಂಬ ಅರ್ಥದ ಗ್ರೀಕ್ ಮೂಲದಿಂದ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಎಂಬ ಭೌತವಿಜ್ಞಾನಿ 1880ರ ದಶಕದಲ್ಲಿ, ಅಯಸ್ಕಾಂತಗಳ ಬಗ್ಗೆ ಬರೆಯುವಾಗ ಕಟ್ಟಿದ ಪದ. ಕನ್ನಡದಲ್ಲಿ ಏನನ್ನಬಹುದು ಎಂದು ನಾನು ಯೋಚಿಸುತ್ತಿದ್ದರೆ ಅಪ್ಪ, "ಸ್ಟೇರಿಂಗ್‌ಗೆ ಸ್ವಲ್ಪ ಪ್ಲೇ ಇರ್ಬೇಕಲ್ಲ, ಹಂಗೆ," ಅಂದರು. ಹದ ಎಂಬ ನಮ್ಮ ಮಾತಿನಲ್ಲೂ ಈ ಸಡಿಲ ಇದೆ. ಹದವಾದ ಪಾಕ, ಹದವಾದ ಮಣ್ಣು ಅಂದಾಗ ಯಾರೂ ಒಂದೇ ಒಂದು ಬಿಂದುವನ್ನು ತೋರಿಸುವುದಿಲ್ಲ. ಇಲ್ಲಿಂದ ಇಲ್ಲಿಯವರೆಗೆ ಇದ್ದರೆ ಸರಿ ಎಂಬುದೇ ಹದ.

ಇನ್ನೊಂದು ಪದ ಅಷ್ಟು ಸುಲಭವಾಗಿ ಸಿಗಲಿಲ್ಲ. ಆ ದಿನಗಳಲ್ಲೇ ನಾನು ಒಂದು ಯಂತ್ರದ ಬಳಕೆಯ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಫೇಲ್-ಸೇಫ್ ಎಂಬ ಪದ ಪುಟಕ್ಕೆರಡು ಸಲ ಬರುತ್ತಿತ್ತು. ಗಿರಾಕಿಗಳು ಕೊಟ್ಟ ಪದಪಟ್ಟಿಯಲ್ಲಿ "ವೈಫಲ್ಯ-ಸುರಕ್ಷಿತ" ಎಂದಿತ್ತು. ಓದಿದವರಿಗೆ ಏನು ತಿಳಿಯಬೇಕು? ಯಂತ್ರ ಕೆಡುವುದಿಲ್ಲ ಎಂದೇ ತಿಳಿದುಕೊಂಡಾರು. ಪದದ ಅರ್ಥ ಅದರ ಉಲ್ಟಾ: ಕೆಟ್ಟೇ ಕೆಡುತ್ತದೆ ಎಂದು ಒಪ್ಪಿಕೊಂಡು, ಕೆಡುವ ದಿಕ್ಕನ್ನು ಮೊದಲೇ ಗೊತ್ತುಮಾಡಿಡುವುದು.

ಅಪ್ಪನನ್ನು ಕೇಳಿದೆ. ಅವರು ಬಸ್ಸಿನ ಬ್ರೇಕಿನ ಕಥೆ ಹೇಳಿದರು. ಏರ್ ಬ್ರೇಕಿನ ಬಸ್ಸಿನಲ್ಲಿ ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಗಾಳಿಯಲ್ಲ, ಒಂದು ಗಟ್ಟಿ ಸ್ಪ್ರಿಂಗ್. ಗಾಳಿಯ ಒತ್ತಡದ ಕೆಲಸ ಆ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಬ್ರೇಕ್ ಬಿಡಿಸುವುದು. ಪೈಪ್ ಒಡೆದು ಗಾಳಿಯೆಲ್ಲ ಸೋರಿಹೋದರೆ ಸ್ಪ್ರಿಂಗ್ ತಾನಾಗಿ ಬ್ರೇಕ್ ಹಿಡಿದುಬಿಡುತ್ತದೆ. ಬಸ್ಸು ನಡುದಾರಿಯಲ್ಲಿ ನಿಲ್ಲುತ್ತದೆ, ಪ್ರಯಾಣಿಕರು ಬೈಯುತ್ತಾರೆ. ಆದರೆ ಶಿರಾಡಿ ಘಾಟಿಯಲ್ಲಿ ಜಾರಿ ಹೋಗುವುದಿಲ್ಲ.

"ಕೆಟ್ರೆ ನಿಂತು ಕೆಡ್ಬೇಕು ಕಣಮ್ಮ, ಓಡ್ಕೊಂಡು ಕೆಡ್ಬಾರ್ದು."

ಟ್ಯಾಂಕಿನ ವಿಷಯದಲ್ಲಿ ನಿಂತು ಕೆಡುವುದು ಎಂದರೆ ತಣ್ಣಗಾಗಿ ಕೆಡುವುದು. ಹೀಟರ್ ನಿಂತುಹೋದರೆ ನಮ್ಮ 50 ಲೀಟರ್ ನೀರು ನಿಧಾನವಾಗಿ ತಣಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮೀನು ಮಂಕಾಗಿರಬಹುದು, ಸರಿಮಾಡಲು ಹೊತ್ತು ಇರುತ್ತದೆ. ಹೀಟರ್ ಓಡುತ್ತಲೇ ಇದ್ದರೆ ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಏರ್ಪಾಡಿನ ಒಂದೊಂದು ಭಾಗವನ್ನೂ ಹಿಡಿದು, ಇದು ಕೆಟ್ಟರೆ ನೀರು ಯಾವ ಕಡೆಗೆ ಹೋಗುತ್ತದೆ ಎಂದು ಕೇಳುತ್ತಾ ಬಂದೆವು. ಪ್ರೋಬಿನ ತಂತಿ ತುಂಡಾದರೆ? ಒಳಗಿರುವ ಥರ್ಮಿಸ್ಟರಿನ ರೋಧ ಚಳಿಗೆ ಏರುತ್ತದೆ, ಬಿಸಿಗೆ ಇಳಿಯುತ್ತದೆ. ತಂತಿ ತುಂಡಾದರೆ ಪೆಟ್ಟಿಗೆಗೆ ಅದು ಹಿಮಾಲಯದ ಚಳಿಯಂತೆ ಕಾಣುತ್ತದೆ. ಪೆದ್ದು ಪೆಟ್ಟಿಗೆಯಾದರೆ ಕಾಯಿಸುತ್ತಲೇ ಇರುತ್ತದೆ. ಅಪ್ಪ ಪ್ರೋಬಿನ ಒಂದು ತಂತಿ ಬಿಚ್ಚಿ ನೋಡಿದರು: ನಮ್ಮದು ಬೀಪ್ ಎಂದು ಕೂಗಿ ಹೀಟರ್ ಆರಿಸಿತು. ಪಾಸು.

ಪ್ರೋಬ್ ನೀರಿನಿಂದ ಹೊರಗೆ ಬಂದರೆ? ಇದೇ ಎಲ್ಲಕ್ಕಿಂತ ಮೋಸದ್ದು. ಆಗ ಪೆಟ್ಟಿಗೆ ಅಳೆಯುವುದು ಕೋಣೆಯ 14 ಡಿಗ್ರಿಯನ್ನು. ಅದರ ಪ್ರಕಾರ ಏನೂ ಕೆಟ್ಟಿಲ್ಲ, ಕೂಗುವುದೂ ಇಲ್ಲ. ನೀರು ತಣ್ಣಗಿದೆಯೆಂದು ನಂಬಿ ಪ್ರಾಮಾಣಿಕವಾಗಿ ಕಾಯಿಸುತ್ತಾ ಹೋಗುತ್ತದೆ. ಅಂಟಿಸಿದ ರಬ್ಬರ್ ಕಪ್ಪು ಜಾರಿದರೆ, ಇಲ್ಲವೇ ನೀರು ಬದಲಿಸುವಾಗ ಮಟ್ಟ ಇಳಿದರೆ ಸಾಕು. ಅಲ್ಲಿ ಉಳಿಸುವುದು 28ರ ಆ ಎರಡನೆಯ ಕಾವಲು. ಆದರೂ ಅಪ್ಪ ಪ್ರೋಬನ್ನು ಟ್ಯಾಂಕಿನ ಅರ್ಧ ಆಳಕ್ಕೆ ಇಳಿಸಿ, ಹೀಟರಿನಿಂದ ದೂರದ ಮೂಲೆಯಲ್ಲಿ, ಫಿಲ್ಟರಿನ ನೀರು ಹರಿದುಬರುವ ಜಾಗದಲ್ಲಿ ಕಟ್ಟಿದರು. ವೈರನ್ನು ಮೇಲಿನ ಅಂಚಿಗೆ ಕ್ಲಿಪ್ ಹಾಕಿ ಬಿಗಿದರು. ನೀರು ಬದಲಿಸುವ ಮುಂಚೆ ಪ್ಲಗ್ ಕಿತ್ತು 15 ನಿಮಿಷ ಕಾಯಬೇಕು ಎಂದು ಒಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿದರು. ಕಾದ ಗಾಜು ನೀರಿನಿಂದ ಹೊರಗಾದರೆ ಸೀಳುತ್ತದೆ.

ಪೆಟ್ಟಿಗೆ ಗೋಡೆ ಏರಿದ ಮೊದಲ ರಾತ್ರಿ ಅಪ್ಪ ಮೂರು ಸಲ ಎದ್ದರು. ಆದರೆ ನೀರಿಗೆ ಬೆರಳು ಅದ್ದಲಿಲ್ಲ. ದೂರದಿಂದಲೇ ಕೆಂಪು ಅಂಕಿ ನೋಡಿ ಹಿಂತಿರುಗಿದರು. ಮೂರನೆಯ ರಾತ್ರಿ ಒಂದು ಸಲ. ಆಮೇಲೆ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು, ಮಂಚದ ತಲೆದಿಕ್ಕನ್ನು ಬದಲಿಸಿ, ಮಲಗಿದಲ್ಲಿಂದಲೇ ಅಂಕಿ ಕಾಣುವಂತೆ ಮಾಡಿಕೊಂಡರು. ಫೆಬ್ರವರಿ ಮಧ್ಯದ ಹೊತ್ತಿಗೆ ಅವರ ಗೊರಕೆ ನನಗೆ ಮತ್ತೆ ಕೇಳಿಸತೊಡಗಿತು. ಮಾರ್ಚಿನಲ್ಲಿ ಎರಡು ಗೌರಾಮಿಗಳ ಜೊತೆಗೆ ಎಂಟು ಟೆಟ್ರಾಗಳು ಬಂದವು. ಏಂಜೆಲ್ ಬೇಡ ಅಂದರು, ನಾನು ಯಾಕೆ ಎಂದು ಕೇಳಲಿಲ್ಲ.

ಕೈಪಿಡಿಯಲ್ಲಿ ನಾನು ವೈಫಲ್ಯ-ಸುರಕ್ಷಿತ ಎಂಬುದನ್ನು ತೆಗೆದು, ಬಂದ ಕಡೆಯೆಲ್ಲ "ಕೆಟ್ಟರೆ ತಾನಾಗಿ ನಿಂತುಹೋಗುವ" ಎಂದು ಬರೆದೆ. ಪದಪಟ್ಟಿಗೆ ಹೊಂದುವುದಿಲ್ಲವೆಂದು ಒಂದು ಸುತ್ತು ಪತ್ರವ್ಯವಹಾರ ಆಯಿತು, ಕೊನೆಗೆ ಉಳಿಯಿತು.

ಈ ಜನವರಿಯಲ್ಲಿ ಅಪ್ಪನ ತಮ್ಮನ ಮಗಳ ಮದುವೆ ಹಾಸನದಲ್ಲಿ. ಹೋದ ವರ್ಷ ಆಗಿದ್ದರೆ ಚಳಿಗಾಲದಲ್ಲಿ ಟ್ಯಾಂಕ್ ಬಿಟ್ಟು ಎಲ್ಲಿಗೂ ಬರಲ್ಲ ಅನ್ನುತ್ತಿದ್ದರು. ಈ ಸಲ ತಾವಾಗಿಯೇ ಟಿಕೆಟ್ ಮಾಡಿಸಲು ಹೇಳಿದರು, 12 ದಿನಕ್ಕೆ. ಹೊರಡುವ ಮುಂಚೆ ಬಕೆಟ್ ಪರೀಕ್ಷೆ ಇನ್ನೊಮ್ಮೆ ಮಾಡಿದರು, ಚೀಟಿಯ ಅಂಟು ಗಟ್ಟಿಯಿದೆಯೇ ನೋಡಿದರು. ತಲುಪಿದ ದಿನ ಫೋನ್ ಮಾಡಿ ಮನೆಯ ಬಾಗಿಲ ಗೆದ್ದಲು, ಬಾವಿಯ ನೀರು, ಬಂದ ನೆಂಟರು ಎಲ್ಲ ಹೇಳಿದರು. ಮರುದಿನ ಮದುವೆಮನೆಯ ಗದ್ದಲದಲ್ಲಿ ಫೋನೇ ಇಲ್ಲ. ಮೂರನೆಯ ದಿನ ರಾತ್ರಿ ಮಾತೆಲ್ಲ ಮುಗಿದು ಇಡುವ ಹೊತ್ತಿಗೆ ಕೇಳಿದರು: "ಎಷ್ಟು ತೋರಿಸ್ತಾ ಇದೆ?"

"25.3," ಅಂದೆ.

"ಹೂಂ. ಮಲಕ್ಕೊ."